ಎರೆಗೆ ಹೋದ ಶೂರಿ

ಅಮಾಚಿ ಎಂದರೆ ನನ್ನ ಅಜ್ಜಿ, ಅಪ್ಪನ ತಾಯಿ. ಅವಳ ಕತೆಗಳಲ್ಲಿ ಮೊದಲು ಕಯೋಟಿ ಇರಲಿಲ್ಲ. ಅವಳು ಹುಟ್ಟಿದ ಬಾಸ್ಕ್ ಬೆಟ್ಟಗಳಲ್ಲಿ ಇದ್ದದ್ದು ತೋಳ. ಮದುವೆಯಾಗಿ ವಯೋಮಿಂಗಿನ ಈ ಕುರಿ ಬಯಲಿಗೆ ಬಂದ ಮೇಲೆ ಕಯೋಟಿಯನ್ನು ‘ತೋಳನ ತಮ್ಮ’ ಎಂದು ಕತೆಯೊಳಕ್ಕೆ ಸೇರಿಸಿಕೊಂಡಳು. ತಮ್ಮನಿಗೆ ಅಣ್ಣನಷ್ಟು ಮೈಯಿಲ್ಲ, ಅಣ್ಣನಿಗಿದ್ದ ನಾಚಿಕೆಯೂ ಇಲ್ಲ ಎನ್ನುತ್ತಿದ್ದಳು.

ಆ ವಸಂತದಲ್ಲಿ ನಾಚಿಕೆಯಿಲ್ಲದ ತಮ್ಮ ನಮ್ಮ ಮಂದೆಗೆ ಬಿದ್ದಿದ್ದ. ಕುರಿಗಳು ಈಯುವ ಕಾಲ. ಬೆಳಗಾದರೆ ಸೇಜ್ ಪೊದೆಗಳ ನಡುವೆ ಹೊಟ್ಟೆ ಬಗೆದ ಮರಿ ಬಿದ್ದಿರುತ್ತಿತ್ತು; ಪಕ್ಕದಲ್ಲಿ ತಾಯಿ ನಿಂತು ಕೂಗುತ್ತಿರುತ್ತಿತ್ತು. ಮರಿ ಸತ್ತ ಕುರಿ ಬೇರೆಯ ಮರಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಗೆ ಅಂಗಿಯಂತೆ ತೊಡಿಸುತ್ತೇವೆ. ತಾಯಿ ಮೂಸುತ್ತದೆ, ತನ್ನದೇ ಎಂದುಕೊಂಡು ಹಾಲು ಕೊಡುತ್ತದೆ. ಆ ಅಂಗಿ ಹೊಲಿಯುವುದರಲ್ಲಿ ಅಮಾಚಿಯ ಕೈ ಬಹಳ ಚುರುಕು. ಆ ವರ್ಷ ಆ ಕೈಗೂ ಪುರುಸೊತ್ತಿರಲಿಲ್ಲ.

ಶೂರಿಗೂ ಅವಳು ಹಾಗೇ ಮಾಡಿದ್ದಳು. ಶೂರಿ ನಾನು ಸಾಕಿದ ಬಿಳಿ ನಾಯಿ. ಕುರಿ ಕಾಯುವವರು ಮಲಗುವ ಬಂಡಿಯ ಕೆಳಗೆ ಮರಿ ಹಾಕಿದ್ದಳು. ಕಾಲ ತಪ್ಪಿ ಬಿದ್ದ ಹಿಮದಲ್ಲಿ ಮರಿಗಳೆಲ್ಲ ಸೆಟೆದುಹೋದವು. ಅವು ಮಲಗಿದ್ದ ಹುಲ್ಲನ್ನು ಅಮಾಚಿ ಒಂದು ತಬ್ಬಲಿ ಕುರಿಮರಿಯ ಮೈಗೆಲ್ಲ ಉಜ್ಜಿ ಶೂರಿಯ ಮುಂದೆ ಬಿಟ್ಟಳು. ಶೂರಿ ತುಂಬ ಹೊತ್ತು ಮೂಸಿದಳು. ಆಮೇಲೆ ನೆಕ್ಕತೊಡಗಿದಳು. ಅಂದಿನಿಂದ ತಬ್ಬಲಿ ಮರಿಗಳ ದೊಡ್ಡಿಯೇ ಅವಳ ಮನೆ. ಕೂಗಿದ್ದು ಯಾರ ಮಗುವಾದರೂ ಶೂರಿ ಅಲ್ಲಿರುತ್ತಿದ್ದಳು. ಅಡುಗೆಮನೆಯಲ್ಲಿ ಕುದಿಯುವ ಪಾತ್ರೆ ಕುಂಯ್ ಎಂದರೂ ಎದ್ದು ಬಂದು ನೋಡಿಹೋಗುತ್ತಿದ್ದಳು.

ಕಯೋಟಿ ಹೊಡೆಯಲು ಅಪ್ಪ ಓರ್ವಲ್‌ನನ್ನು ಕರೆಸಿದ. ಓರ್ವಲ್ ಈ ಸುತ್ತಿನ ಕುರಿಯವರಿಗೆಲ್ಲ ಬೇಕಾದ ಬೇಟೆಗಾರ; ಎರೆನಾಯಿ ಬಿಟ್ಟು ಹೊಡೆಯುತ್ತಾನೆ. ಮರಿ ಹಾಕಿದ ಕಯೋಟಿಗಳ ಬಿಲದ ಹತ್ತಿರಕ್ಕೆ ನಾಯಿಯನ್ನು ಬಿಡುವುದು. ಅವು ಮರಿಗಳಿಗೆ ಅಪಾಯವೆಂದು ಸಿಟ್ಟಿಗೆದ್ದು ಅದನ್ನು ಅಟ್ಟಿಸಿಕೊಂಡು ಬರುತ್ತವೆ. ನಾಯಿ ಹೆದರಿ ತನ್ನವರ ಕಡೆಗೆ ಓಡುತ್ತದೆ. ತನ್ನವರ ಪಕ್ಕದಲ್ಲಿ ಬಂದೂಕು ಕೂತಿರುತ್ತದೆ. ಆದರೆ ಓರ್ವಲ್‌ನ ನಾಯಿ ತಂತಿ ಬೇಲಿಗೆ ಸಿಕ್ಕಿ ಕಾಲು ಸೀಳಿಕೊಂಡಿತ್ತು. ಅವನ ಕಣ್ಣು ಶೂರಿಯ ಮೇಲೆ ಬಿತ್ತು.

“ಗುಂಡಿನ ಸದ್ದಿಗೆ ಹೆದರ್ತದಾ?” ಎಂದು ಕೇಳಿದ.

ಇಲ್ಲವೆಂದು ಅಪ್ಪ ತಲೆಯಾಡಿಸಿದ.

“ಕರೆದ್ರೆ ಬರ್ತದಾ?”

ಅಪ್ಪ ನನ್ನ ಕಡೆ ಕೈ ಮಾಡಿದ. “ಗ್ರಾಶಿ ಕರೆದ್ರೆ ಊಟ ಬಿಟ್ಟು ಬರ್ತದೆ. ನಾನು ಕರೆದ್ರೆ ಯೋಚನೆ ಮಾಡ್ತದೆ.”

“ನಿನ್ನ ಮಾತಿಗೆ ಮನೇಲಿ ಎಲ್ರೂ ಹಾಗೇನೇ ಅನ್ನು,” ಎಂದ ಓರ್ವಲ್.

ಶೂರಿಗೆ ಇನ್ನೂ ಹಾಲಿದೆ, ಈಗ ಬೇಡ ಎಂದು ನಾನು ಹೇಳಿದೆ. ಅವನಿಗೆ ಅದು ಬೇಡವೆನ್ನುವ ಮಾತಾಗಿ ಕೇಳಿಸಲಿಲ್ಲ.

“ಒಳ್ಳೇದೇ ಆಯ್ತಲ್ಲ ಮರಿ. ತನ್ನ ಬಿಲದ ಹತ್ರ ಇನ್ನೊಂದು ಬಾಣಂತಿ ಬಂತು ಅಂದ್ರೆ ಹೆಣ್ಣು ಕಯೋಟಿಗೆ ಮೈಯೆಲ್ಲ ಉರಿ. ಹೊರಟಿತು ಅಂದ್ರೆ ಹಿಂದೆ ಮುಂದೆ ನೋಡಲ್ಲ.”

ಅಪ್ಪ ಕೂಡ ಹೌದೆಂದ. ಹೊರಡುವಾಗ ಅಮಾಚಿ ಬಾಗಿಲಿಗೆ ಬಂದಳು. ನನ್ನ ಕೋಟಿನ ಗುಂಡಿ ಹಾಕುತ್ತ, “ಕರ್ಕೊಂಡು ಹೋಗೋಳು ನೀನು. ವಾಪಸ್ ಕರ್ಕೊಂಡು ಬರೋಳೂ ನೀನೇ,” ಎಂದಳು.

ಬೆಳಗಿನ ಬಿಸಿಲು ಹುಲ್ಲಿನ ತುದಿಗೆ ಇಳಿಯುವ ಹೊತ್ತಿಗೆ ನಾವು ದಿಬ್ಬದ ಮೇಲೆ ಕೂತಿದ್ದೆವು. ಗಾಳಿ ಎದುರಿನಿಂದ ಬರುತ್ತಿತ್ತು. ಆದರೂ ಓರ್ವಲ್ ಅಪ್ಪನನ್ನು ಹಿಂದಕ್ಕೆ ಸರಿಸಿ ಕೂರಿಸಿದ. ನಿಮ್ಮವ್ವನ ಬೆಳ್ಳುಳ್ಳಿ ಸಾರು ಕುಡಿದು ಬಂದವನ ವಾಸನೆ ಗಾಳಿಗೆ ಎದುರಾಗಿಯೂ ಹೋಗುತ್ತದೆ ಎಂದು ಪಿಸುಗುಟ್ಟಿದ. ನನಗೆ ಕೊಟ್ಟ ಕೆಲಸ ಇಷ್ಟೇ: ಏಳಬಾರದು, ಅಲುಗಾಡಬಾರದು, ಅವನು ಭುಜ ಮುಟ್ಟಿದಾಗ ಶೂರಿಯನ್ನು ಕರೆಯಬೇಕು.

ಶೂರಿ ಏನೋ ಆಟವೆಂದುಕೊಂಡು ಬಾಲ ಎತ್ತಿ ಇಳಿಜಾರಿನಲ್ಲಿ ಮೂಸುತ್ತ ಹೋದಳು. ಓರ್ವಲ್ ಊದುವ ಕೊಂಬೊಂದನ್ನು ಬಾಯಿಗಿಟ್ಟು ಕಯೋಟಿಯಂತೆ ಊಳಿಟ್ಟ. ಎದುರಿನ ಏರಿನ ಪೊದೆಗಳಿಂದ ಎರಡು ಕಂದು ಮೈಗಳು ಹೊರಬಂದವು. ಶಬ್ದವೇ ಇಲ್ಲದೆ ಶೂರಿಯ ಕಡೆಗೆ ಹರಿದುಬಂದವು. ಅವಳು ಒಮ್ಮೆ ಬೊಗಳಿದಳು, ನಂತರ ಅವುಗಳ ಹಲ್ಲು ನೋಡಿ ತಿರುಗಿದಳು. ಅಷ್ಟು ದೂರದಿಂದಲೂ ಅವಳ ಕಣ್ಣು ಹುಡುಕುತ್ತಿದ್ದದ್ದು ಯಾರನ್ನು ಎಂದು ನನಗೆ ಗೊತ್ತಾಯಿತು. ಭುಜದ ಮೇಲೆ ಓರ್ವಲ್‌ನ ಬೆರಳು ಬಿತ್ತು. “ಶೂರಿ!” ಎಂದೆ. ಕಯೋಟಿಗಳಿಗೆ ಶೂರಿ ಎರೆ, ಶೂರಿಗೆ ನಾನು.

ಅವಳು ನನ್ನತ್ತ ನೇರವಾಗಿ ಓಡಿಬಂದಳು. ಹೆಣ್ಣು ಕಯೋಟಿ ಅವಳ ಹಿಂಗಾಲಿಗೆ ಬಾಯಿ ಹಾಕುವಷ್ಟು ಹತ್ತಿರವಿತ್ತು, ಗಂಡು ಸ್ವಲ್ಪ ಹಿಂದೆ. ಓರ್ವಲ್‌ನ ಗುಂಡಿಗೆ ಮೊದಲು ಬಿದ್ದದ್ದು ಗಂಡು. ಹೆಣ್ಣು ನಿಂತು ಅದನ್ನು ತಿರುಗಿ ನೋಡಿತು. ನಿಂತದ್ದೇ ಓರ್ವಲ್‌ಗೆ ಸಾಕಾಯಿತು.

ಶೂರಿ ನನ್ನ ಮಡಿಲಲ್ಲಿ ಏದುಸಿರು ಬಿಡುತ್ತಿದ್ದಳು. ಅವಳ ಮೈಯಲ್ಲಿ ಒಂದು ಗಾಯವೂ ಇರಲಿಲ್ಲ. ಮುಗಿಯಿತು, ಇನ್ನು ಮನೆಗೆ ಹೋಗಿ ಅಮಾಚಿಗೆ ಒಪ್ಪಿಸುವುದು ಎಂದುಕೊಂಡೆ. ಅಷ್ಟರಲ್ಲಿ ಎದುರಿನ ಏರಿನಿಂದ ಸಣ್ಣಗೆ ಕುಂಯ್‌ಗುಟ್ಟುವ ಸದ್ದು ಕೇಳಿಸಿತು. ಶೂರಿಯ ಕಿವಿ ನಿಮಿರಿತು. ನಾನು ಕುತ್ತಿಗೆ ಹಿಡಿಯುವ ಮೊದಲೇ ಜಾರಿಕೊಂಡು ಹೊರಟಳು.

ಬಿಲ ಹುಡುಕುವ ಕೆಲಸ ತಪ್ಪಿತು, ನಾಯಿಯೇ ತೋರಿಸುತ್ತಿದೆ ಎಂದು ಅವರಿಬ್ಬರೂ ನಗುತ್ತ ಹಿಂದೆ ನಡೆದರು. ಬಿಲದ ಬಾಯಿಗೆ ಬಂದಾಗ ಶೂರಿ ಎಲ್ಲೂ ಇರಲಿಲ್ಲ. ಬಗ್ಗಿ ಕಿವಿ ಕೊಟ್ಟೆ. ಕುಂಯ್‌ಗುಟ್ಟುವುದು ನಿಂತಿತ್ತು. ಒಳಗಿನ ಕತ್ತಲಲ್ಲಿ ಚಪ್ಪರಿಸುವ ಸದ್ದು, ಹಸಿದ ಬಾಯಿಗಳು ಒಂದನ್ನೊಂದು ತಳ್ಳಿಕೊಂಡು ಹಾಲು ಕುಡಿಯುವ ಸದ್ದು ಕೇಳುತ್ತಿತ್ತು. ದಿನವೂ ದೊಡ್ಡಿಯಲ್ಲಿ ಕೇಳುವ ಸದ್ದೇ. ಅಪ್ಪನಿಗೂ ಅದು ಕೇಳಿಸಿರಬೇಕು, ನಗು ನಿಲ್ಲಿಸಿ ಟೋಪಿ ತೆಗೆದು ಹಣೆ ಒರೆಸಿಕೊಂಡ.

ಓರ್ವಲ್ ಚೀಲದಿಂದ ಹೊಗೆಯ ಕೊಳವೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅದನ್ನು ಹೊತ್ತಿಸಿ ಬಿಲಕ್ಕೆ ತುರುಕಿ ಬಾಯಿ ಮುಚ್ಚಿದರೆ ಒಳಗಿರುವುದು ನಿದ್ದೆ ಹೋದಂತೆ ಹೋಗುತ್ತದೆ.

“ನಾಯೀನ ಆಚೆ ಕರಿ,” ಎಂದು ನನಗೆ ಹೇಳಿದ.

ನಾನು ಅಪ್ಪನನ್ನು ನೋಡಿದೆ. ಇವನ್ನು ಮನೆಗೆ ಒಯ್ಯೋಣ, ಶೂರಿ ಸಾಕುತ್ತಾಳೆ ಎಂದೆ.

“ಎಲ್ಲಿಡೋಣ ಹೇಳು? ಕುರಿ ದೊಡ್ಡೀಲಾ?” ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಜಗಳವಾಡಲಿಕ್ಕಾದರೂ ಆಗುತ್ತಿತ್ತು.

ಹಾಗೇ ಬಿಟ್ಟು ಹೋಗೋಣ ಎಂದೆ. ಬಿಟ್ಟರೆ ಹಸಿದು ಹಸಿದು ಸಾಯುತ್ತವೆ, ಇದು ಬೇಗ ಆಗುತ್ತದೆ ಎಂದು ಓರ್ವಲ್ ಮೆಲ್ಲಗೆ ಹೇಳಿದ. ಅಗೆದು ತೆಗೆಯೋಣವೆಂದರೆ ಸಡಿಲ ಮಣ್ಣು, ಕುಸಿದರೆ ನಾಯಿಯ ಮೇಲೆಯೇ ಬೀಳುತ್ತದೆ. ಅಪ್ಪ ಮೊಣಕಾಲೂರಿ ಶೂರಿಯನ್ನು ತಾನೇ ಕರೆದು ನೋಡಿದ. ಅವಳು ಬರಲಿಲ್ಲ.

ಇನ್ನು ಉಳಿದದ್ದು ನನ್ನ ದನಿ. ಕರೆಯದಿದ್ದರೆ ಅವಳು ಅಲ್ಲೇ ಇರುತ್ತಾಳೆ. ಕರೆದರೆ ಬರುತ್ತಾಳೆ. ಬಂದರೆ ಮರಿಗಳಿಗೆ ಯಾರೂ ಇರುವುದಿಲ್ಲ. ಅಮಾಚಿಯ ಕತೆಗಳಲ್ಲಿ ಇಂಥ ಹೊತ್ತಿನಲ್ಲಿ ಬೆಟ್ಟದೊಳಗಿನ ಗುಹೆಯಲ್ಲಿರುವ ದೇವತೆ, ಆ ಒಡತಿ, ಏನಾದರೂ ಮಾಡುತ್ತಿದ್ದಳು, ಮಂಜು ಕವಿಸುತ್ತಿದ್ದಳು ಅಥವಾ ಗಂಡಸರ ಕೈಯಲ್ಲಿದ್ದದ್ದನ್ನು ಇದ್ದಿಲು ಮಾಡುತ್ತಿದ್ದಳು. ಆದರೆ ಇಲ್ಲಿ ಬಿಸಿಲು ಸ್ವಚ್ಛವಾಗಿತ್ತು. ಓರ್ವಲ್ ಬೆಂಕಿಪೊಟ್ಟಣ ಹಿಡಿದು ನನ್ನನ್ನೇ ಕಾಯುತ್ತಿದ್ದ, ಅವಸರ ಮಾಡಲಿಲ್ಲ.

ನಾನು ಬಿಲದ ಬಾಯಿಗೆ ಬಗ್ಗಿದೆ. “ಶೂರಿ, ಬಾರೇ,” ಎಂದೆ.

ಒಳಗೆ ಚಪ್ಪರಿಸುವ ಸದ್ದು ನಿಂತಿತು. ಬಾಲ ಕಂಡಿತು, ಆಮೇಲೆ ಹಿಂಗಾಲುಗಳು. ಬಿಲ ಇಕ್ಕಟ್ಟಾದ್ದರಿಂದ ಅವಳಿಗೆ ತಿರುಗಲು ಆಗಿರಲಿಲ್ಲ, ಹಿಂದಹಿಂದಕ್ಕೇ ತೆವಳಿಕೊಂಡು ಹೊರಬಂದಳು. ಒಡತಿಯ ಗುಹೆಗೆ ಹೋದವರು ಅವಳಿಗೆ ಬೆನ್ನು ತೋರಿಸಿ ಹೊರಡಬಾರದು, ಒಳಗೆ ಮುಖ ಮಾಡಿಯೇ ಹಿಂದೆ ಸರಿಯುತ್ತ ಬರಬೇಕು ಎಂದು ಅಮಾಚಿ ಹೇಳುತ್ತಿದ್ದಳು. ಶೂರಿ ಹಾಗೆಯೇ ಬಂದಳು. ಬಂದವಳು ನನ್ನ ಕೈ ನೆಕ್ಕಿದಳು. ಮತ್ತೆ ಬಿಲದ ಕಡೆ ನೋಡಿದಳು, ಮತ್ತೆ ನನ್ನನ್ನು. ಮರಿಗಳು ಇಲ್ಲಿವೆ ನೋಡು ಎಂದು ತೋರಿಸುವಾಗ ದೊಡ್ಡಿಯಲ್ಲಿ ಅವಳು ಮಾಡುವುದೇ ಹೀಗೆ.

ಅವಳನ್ನು ಕರೆದುಕೊಂಡು ಏರು ಇಳಿದು ಕೂತೆ. ಅವಳ ಎರಡೂ ಕಿವಿಗಳ ಮೇಲೆ ಕೈ ಮುಚ್ಚಿದ್ದೆ. ನನ್ನ ಕಿವಿ ಮುಚ್ಚಲು ಕೈ ಉಳಿದಿರಲಿಲ್ಲ. ಹಿಂದೆ ಸಲಿಕೆ ಮಣ್ಣಿಗೆ ಬೀಳುತ್ತಿತ್ತು.

ಮನೆಯಲ್ಲಿ ಅಮಾಚಿ ಶೂರಿಯ ಹೊಟ್ಟೆ ನೋಡಿದಳು. ಮೊಲೆಗಳ ಸುತ್ತ ರೋಮ ಒದ್ದೆಯಾಗಿ ಅಂಟಿಕೊಂಡಿತ್ತು, ಸಣ್ಣ ಸಣ್ಣ ಉಗುರು ಗೀಚಿದ ಕೆಂಪು ಗೆರೆಗಳಿದ್ದವು. ಬಿಸಿನೀರು ತಂದು ಒರೆಸಿದಳು.

ಓರ್ವಲ್ ಮೇಜಿನ ಮುಂದೆ ಕೂತು ಸಾರು ಉಂಡ, ನಗದೆ ಉಂಡ. ಎದ್ದು ಹೋಗುವಾಗ ಅಪ್ಪನಿಗೆ, ತೊರೆಯ ಆಚೆ ಎಚೆವೆರಿಯವರ ಮಂದೆಗೂ ಹೀಗೇ ಆಗುತ್ತಿದೆ, ನಾಳೆ ಬೆಳಿಗ್ಗೆ ನಾಯಿ ಬೇಕು ಎಂದ. ಅಪ್ಪ ತಟ್ಟೆ ನೋಡುತ್ತ, “ಇವಳ್ನ ಕೇಳು,” ಎಂದ. ಎಚೆವೆರಿಯವರ ಕುರಿಗಳು ಕೂಗುವುದು ಗಾಳಿ ಬೀಸಿದರೆ ನಮ್ಮನೆಗೇ ಕೇಳುತ್ತದೆ. ನಾನು ಆಗಲಿ ಎನ್ನಲಿಲ್ಲ. ಆಗದು ಎನ್ನಲೂ ಬಾಯಿ ಬರಲಿಲ್ಲ. ಅಷ್ಟನ್ನೇ ಅವನು ಒಪ್ಪಿಗೆಯೆಂದು ತೆಗೆದುಕೊಂಡು ಹೋದ.

ಬೆಳಿಗ್ಗೆ ಅಂಗಳದಲ್ಲಿ ಅವನ ಗಾಡಿ ನಿಂತಿತ್ತು. ಶೂರಿ ದೊಡ್ಡಿಯ ಆ ತುದಿಯಲ್ಲಿ ತಬ್ಬಲಿ ಮರಿಗಳ ನಡುವೆ ಮಲಗಿದ್ದಳು. ಅಮಾಚಿ ಕಿಟಕಿಯಲ್ಲಿದ್ದಳು. ನಾನು ಬೇಲಿಯ ಹತ್ತಿರ ನಿಂತು, ಶೂರಿಗೆ ಕೇಳಿಸದಿರಲಿ ಎಂದುಕೊಂಡು, ಉಸಿರಿಗಿಂತ ಸಣ್ಣ ದನಿಯಲ್ಲಿ ಕರೆದೆ.

ಶೂರಿ ಎದ್ದಳು. ಮೈ ಕೊಡವಿಕೊಂಡು, ಬಾಲ ಆಡಿಸುತ್ತ, ಮರಿಗಳನ್ನು ದಾಟಿ ನನ್ನ ಹತ್ತಿರ ಬಂದಳು.