ಹಿಮದ ಸದ್ದು

“ಆ ಸದ್ದು ಎಲ್ಲಿಂದ ಬಂತು ಅಂತ ಎಲ್ರೂ ಕೇಳ್ತಾರೆ,” ಎಂದು ಗಾಯಕ ಮೈಕಿನ ಕಡೆ ಬಾಗಿ ನಕ್ಕ. “ನಮ್ಮ ಎರಡನೇ ಆಲ್ಬಮ್ ಹೊತ್ತಿಗೆ ನಾನು ವಿದೇಶದಲ್ಲಿದ್ದೆ. ಹಳೇ ಎಲೆಕ್ಟ್ರಾನಿಕ್ ಸಂಗೀತ ಕೇಳ್ತಾ ಕೇಳ್ತಾ ಹೋಟೆಲ್ ರೂಮಲ್ಲೇ ಹೊಳೀತು. ಕಿಟಕಿ ಹೊರಗೆ ಹಿಮ ಬೀಳ್ತಿತ್ತು.”

ಗಾಜಿನ ಆಚೆ ಕೂತಿದ್ದ ಕಾರ್ಯಕ್ರಮದ ನಿರ್ಮಾಪಕಿ ತಲೆದೂಗಿದಳು. ಮೇಜಿನ ಈಚೆಗಿದ್ದ ನಿರೂಪಕಿಯ ಪೆನ್ನು ಮಾತ್ರ ಹಾಳೆಯ ಮೇಲೆ ನಿಂತುಬಿಟ್ಟಿತು. ಹನ್ನೊಂದು ವರ್ಷದಿಂದ ರೇಡಿಯೋದ ಈ ಮಧ್ಯಾಹ್ನದ ಕಾರ್ಯಕ್ರಮ ಅವಳದು. ಕೇಳುಗರು ಬಯಸಿದಾಗಲೆಲ್ಲ ಈ ಬ್ಯಾಂಡಿನ ಹಾಡು ಹಾಕಿ, ಅದು ಮುಗಿಯುವ ತನಕ ಹೆಡ್‌ಫೋನ್ ತೆಗೆದಿಡುತ್ತಿದ್ದಳು.

ಬ್ಯಾಂಡು ಕಟ್ಟಿದ್ದು ಇಬ್ಬರು: ಈ ಗಾಯಕ ಮತ್ತು ನಿರೂಪಕಿಯ ತಮ್ಮ. ಮೊದಲ ಆಲ್ಬಮ್ಮನ್ನು ಯಾರೂ ಮೂಸಿ ನೋಡಲಿಲ್ಲ. ಎರಡನೆಯದಕ್ಕೆ ತಮ್ಮ, ಅಮ್ಮನ ಹೊಲಿಗೆ ಯಂತ್ರದ ಸದ್ದನ್ನು ಕ್ಯಾಸೆಟ್ಟಿಗೆ ಹಿಡಿದು, ವೇಗ ತಗ್ಗಿಸಿ, ಒಂದರ ಮೇಲೊಂದು ಪೇರಿಸಿ, ಯಾರೋ ನೀರಿನಡಿ ನಡೆಯುತ್ತಿರುವಂಥ ತಾಳವೊಂದನ್ನು ಮಾಡಿದ. ಆ ಹಾಡು ಊರೂರಿಗೆ ಹಬ್ಬಿತು. ಆಲ್ಬಮ್ಮಿನ ಹೊದಿಕೆಯ ಮೇಲೆ ತಮ್ಮನ ಹೆಸರಿರಲಿಲ್ಲ. ಕೇಳಲು ಹೋದವನಿಗೆ ಗಾಯಕ ಬಾಗಿಲಲ್ಲೇ ನಿಂತು, “ಸದ್ದು ಮಾಡೋದೆಲ್ಲ ಸಂಗೀತ ಅಲ್ಲ ಕಣೋ,” ಎಂದಿದ್ದ. ಅಂದಿನಿಂದ ತಮ್ಮ ಗುನುಗಿದ್ದನ್ನೂ ಮನೆಯಲ್ಲಿ ಯಾರೂ ಕೇಳಲಿಲ್ಲ. ಅವನಿಲ್ಲದೆ ಮಾಡಿದ ಮೂರನೆಯ ಆಲ್ಬಮ್ ಟೊಳ್ಳಾಗಿತ್ತು. ಈಗ ನಾಲ್ಕನೆಯದು ಬರುತ್ತಿತ್ತು.

ಇವತ್ತು ಸ್ಟುಡಿಯೋದೊಳಗೆ ಕಾಲಿಟ್ಟೊಡನೆ ಗಾಯಕ, “ಅಕ್ಕಾ, ಚೆನ್ನಾಗಿದ್ದೀರಾ?” ಎಂದು ಬಾಯ್ತುಂಬ ಕರೆದಿದ್ದ. ಮರೆತವನಲ್ಲ; ಇವಳು ಕೆಲಸ ಹೋದೀತೆಂದು ಹೆದರಿ ಬಾಯಿ ಬಿಡುವುದಿಲ್ಲ ಎಂದು ಬಲ್ಲವನು.

“ಅಮ್ಮ ಹೇಗಿದ್ದಾರೆ?”

“ಹೋಗಿ ಮೂರು ವರ್ಷ ಆಯ್ತು.”

“ಅಯ್ಯೋ,” ಎಂದವನೇ ಗಾಜಿನಲ್ಲಿ ನೋಡಿಕೊಂಡು ಕೂದಲು ಸರಿಮಾಡಿಕೊಂಡಿದ್ದ. ಎರಡು ವರ್ಷ ಅಮ್ಮನ ಕೈಯಡುಗೆ ಉಂಡವನು.

“ಹಿಮ ಬೀಳ್ತಿತ್ತು,” ಎಂದು ನಿರೂಪಕಿ ಈಗ ನಿಧಾನವಾಗಿ ಹೇಳಿದಳು. “ಚೆನ್ನಾಗಿದೆ. ನಮ್ಮ ಕೇಳುಗರೂ ಆ ಹಿಮದ ಸದ್ದು ಕೇಳಲಿ.”

ಅಮ್ಮನ ಟ್ರಂಕಿನಲ್ಲಿ ಸಿಕ್ಕಿದ್ದ, ತಮ್ಮ ಸದ್ದು ಹಿಡಿದಿದ್ದ ಆ ಕ್ಯಾಸೆಟ್ಟನ್ನು ಚೀಲದಿಂದ ತೆಗೆದು ಟೇಪ್ ಡೆಕ್ಕಿಗೆ ಹಾಕಿ ಗುಂಡಿ ಒತ್ತಿದಳು. ಹೊಲಿಗೆ ಯಂತ್ರ ಓಡಿತು, ನಿಂತಿತು, ಮತ್ತೆ ಓಡಿತು. ಆಮೇಲೆ ಅಮ್ಮನ ದನಿ: “ನಿಲ್ಸೋ, ಸಾಕು ನಿನ್ನ ಹುಚ್ಚು! ಸಂಜೆಯೊಳಗೆ ಯೂನಿಫಾರ್ಮ್ ಹೊಲ್ದು ಕೊಡ್ಬೇಕು. ಏನಪ್ಪಾ ಹಾಡುಗಾರ, ಸುಮ್ನೆ ಕೂತು ತಿಂತಿದ್ದೀಯಲ್ಲ, ನೀನಾದ್ರೂ ಇವನಿಗೆ ಹೇಳಬಾರ್ದಾ?”

ಬಾಯಿ ತುಂಬಿಕೊಂಡಿದ್ದ ಗಾಯಕನದೇ ಎಳೆಯ ದನಿ ನಗುತ್ತ ಉತ್ತರಿಸಿತು: “ನಂಗೇನ್ ಗೊತ್ತಮ್ಮ? ಇದೆಲ್ಲಾ ಇವನದೇ ತಲೆ.”

ಗಾಯಕ ಕುರ್ಚಿಯನ್ನು ಮೈಕಿನಿಂದ ಹಿಂದಕ್ಕೆ ಸರಿಸಿದ. ಗಾಜಿನಾಚೆ ನಿರ್ಮಾಪಕಿ ಎರಡೂ ಕೈ ಬೀಸುತ್ತಿದ್ದಳು. ರೇಡಿಯೋದಲ್ಲಿ ಐದು ಸೆಕೆಂಡು ಮೌನವೇ ಹೆಚ್ಚು. ನಿರೂಪಕಿ ಹದಿನೈದು ಎಣಿಸಿದಳು, ಒಂದೊಂದನ್ನೂ ಚಪ್ಪರಿಸಿ.

“ನಿಮ್ಮ ಮೇಲೆ ಯಾರ್ಯಾರ ಪ್ರಭಾವ ಇದೆ ಅಂತ ಹೇಳ್ತಿದ್ರಿ,” ಎಂದಳು. “ಮುಂದುವರಿಸಿ.”

ಅವನು ಹೆಡ್‌ಫೋನ್ ಕಿತ್ತೆಸೆದು ಎದ್ದ. ನಿರ್ಮಾಪಕಿ ಒಳಗೆ ಬಂದು, “ನಾಳೆಯಿಂದ ಬರಬೇಡಿ,” ಎಂದಳು. ನಿರೂಪಕಿ ಕ್ಯಾಸೆಟ್ಟು ತೆಗೆದುಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ನಗು ಬರುತ್ತಿತ್ತು.

ತಮ್ಮ ತನ್ನ ವಾಷಿಂಗ್ ಮಷೀನ್ ರಿಪೇರಿ ಅಂಗಡಿಯಲ್ಲಿದ್ದ. ಕಪಾಟಿನ ಮೇಲೆ ರೇಡಿಯೋ ಇನ್ನೂ ಹಾಡುತ್ತಿತ್ತು. ಅವನ ಕಣ್ಣು ಕೆಂಪಗಿದ್ದವು.

“ಅಮ್ಮನ ದನಿ ಹಾಕ್ತೀನಿ ಅಂತ ಒಂದು ಮಾತು ಮೊದ್ಲೇ ಹೇಳ್ಬಾರ್ದಿತ್ತಾ, ಅಕ್ಕ?”

ಅವಳ ನಗು ಇಳಿದುಹೋಯಿತು. “ಹೇಳಿದ್ರೆ ನೀನು ಬೇಡ ಅಂತಿದ್ದೆ.”

“ಅಂತಿದ್ದೆ,” ಎಂದು ಅವನು ಒಪ್ಪಿಕೊಂಡ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಗಾಯಕ. ತಮ್ಮ ಸ್ಪೀಕರ್ ಹಾಕಿದ.

“ಲೋ, ನಾವಿಬ್ರೂ ಒಂದೇ ತಟ್ಟೇಲಿ ಉಂಡೋರು ಕಣೋ. ಹೆಸರು ಹಾಕಿಸ್ತೀನಿ. ಹೊಸ ಆಲ್ಬಮ್ಮಿಗೂ ನೀನೇ ಬಾ. ಅಕ್ಕ ಹಾಕಿದ ಟೇಪು ಸುಳ್ಳು ಅಂತ ಮಾತ್ರ ಹೇಳ್ಬಿಡು—”

ತಮ್ಮ ಫೋನನ್ನು ರಿಪೇರಿಯಾದ ಮಷೀನಿನ ಮುಚ್ಚಳದ ಮೇಲಿಟ್ಟು ಸ್ವಿಚ್ಚು ಹಾಕಿದ. ಒಳಗಿನ ಡ್ರಮ್ಮು ಗುರುಗುಟ್ಟಿ ತಿರುಗಲಾರಂಭಿಸಿತು. ಬೇಡಿಕೊಳ್ಳುತ್ತಿದ್ದ ದನಿ ತುಂಡು ತುಂಡಾಯಿತು. ಫೋನು ಅದುರುತ್ತ ಅಂಚಿನ ಕಡೆ ಬೆರಳಗಲ ಬೆರಳಗಲವಾಗಿ ಸರಿಯತೊಡಗಿತು. ಅಕ್ಕ ತಮ್ಮ ಇಬ್ಬರೂ ಅದನ್ನೇ ನೋಡುತ್ತ ನಿಂತರು. ಯಾರೂ ಕೈ ಚಾಚಲಿಲ್ಲ.