ಉಸಿರು ತಾಗದ ನೀರು

"ಅತ್ತಿಗೆ, ಇನ್ನೂ ಜೋರು ಮಾಡಿದ್ರೆ ಕುತ್ತಿಗೆ ಮುರಿದೇ ಹೋಗುತ್ತೆ," ಎಂದು ಮೈದುನ ಅಣ್ಣನ ತಲೆಯಿಂದ ಕೈ ತೆಗೆದ.

ನಿದ್ದೆಯಲ್ಲೇ ಪ್ರಾಣ ಹೋಗಿತ್ತು. ಗೋಡೆಯ ಕಡೆ ತಿರುಗಿದ್ದ ಕುತ್ತಿಗೆ ಬೆಳಗಾಗುವಷ್ಟರಲ್ಲಿ ಮರಗಟ್ಟಿತ್ತು. ಶವಪೆಟ್ಟಿಗೆಯಲ್ಲಿ ಮಲಗಿಸಿದರೂ ಮುಖ ಗೋಡೆಗೇ.

"ಬಿಡಪ್ಪ. ಬದುಕಿದ್ದಾಗ ಈ ಕಡೆ ತಿರುಗದ ಮನುಷ್ಯ, ಈಗ ತಿರುಗ್ತಾರಾ?" ಎಂದಳು ಹೆಂಡತಿ.

ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ. ಬಂದ ಹೆಂಗಸರು ಅದನ್ನೇ ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದರು. ಪಿಸುಗುಟ್ಟಲಿ. ಅಳುವೇನು ನಲ್ಲಿ ನೀರೇ, ತಿರುಗಿಸಿದ ಕೂಡಲೇ ಬರಲು? ಮುಚ್ಚಳ ಹಾಕುವ ಮುನ್ನ ಅವಳಿಗೆ ಒಂದೇ ಒಂದು ಗೊತ್ತಾಗಬೇಕಿತ್ತು: ಈ ಮನುಷ್ಯನಿಗೆ ತಾನು ಬೇಡವಾಗಿದ್ದೆನೇ? ಉತ್ತರ ಹೇಳಬೇಕಾದವನು ಬಾಯಿ ಮುಚ್ಚಿ ಮಲಗಿದ್ದ.

ದವಡೆಯಲ್ಲಿದ್ದ ಲವಂಗವನ್ನು ನಾಲಗೆಯಿಂದ ಇನ್ನೊಂದು ಬದಿಗೆ ತಳ್ಳಿದಳು.

*

ಮದುವೆಯಾದ ಹೊಸತು. ಹಡಗಿನಿಂದ ರಜೆಗೆ ಬಂದವನ ಹತ್ತಿರ ಕೂತು ಏನೋ ಹೇಳಲು ಬಾಗಿದ್ದಳು. ಅವನು ಉಸಿರು ಬಿಗಿಹಿಡಿದು ಮುಖವನ್ನು ಆ ಕಡೆ ಹೊರಳಿಸಿದ. ತನ್ನ ಬಾಯಿ ವಾಸನೆ ಬರುತ್ತದೆ ಎಂದುಕೊಂಡಳು. ಮರುದಿನವೇ ಲವಂಗ ಶುರುವಾಯಿತು. ಆದರೂ ಅವನು ತಿರುಗುವುದು ನಿಲ್ಲಲಿಲ್ಲ. ಯಾಕೆಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಹೌದು, ವಾಸನೆ ಅಂದುಬಿಟ್ಟರೆ? ಅವನ ಮೀಸೆ ನರೆಯಿತು, ಅವಳ ಹಲ್ಲು ಅಲುಗಿದವು, ಲವಂಗ ಮಾತ್ರ ದವಡೆ ಬಿಡಲಿಲ್ಲ. ಹಡಗಿನಲ್ಲಿ ಏನು ಕೆಲಸ ಎಂದರೆ ಅವನದು ಒಂದೇ ಉತ್ತರ: "ನೀರು ಹಿಡಿಯೋದು."

*

ಹಡಗಿನಲ್ಲಿ ಅವನ ಜೊತೆಗಿದ್ದ ಗಡ್ಡದವನೊಬ್ಬ ಬಂದ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿ ಫಕ್ಕನೆ ನಕ್ಕುಬಿಟ್ಟ. ಮೈದುನ ಕೆಂಡವಾದ.

"ತಪ್ಪಾಯ್ತಮ್ಮಾ," ಎಂದ ಗಡ್ಡದವನು. "ನೀರು ಹಿಡಿಯುವಾಗಲೂ ಥೇಟ್ ಹೀಗೇ ನಿಲ್ತಿದ್ದ."

ಆಮೇಲೆ ಬಿಡಿಸಿ ಹೇಳಿದ. ಕಡಲಿನ ಮೇಲ್ಮೈ ನೀರು ಗಾಳಿಯಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ನುಂಗಿದೆ ಎಂದು ಅಳೆಯುವುದು ಅವರ ಕೆಲಸ. ನಮ್ಮ ಉಸಿರಿನಲ್ಲೂ ಇರುವುದು ಅದೇ ಅನಿಲ. ಬಾಟಲಿ ತುಂಬುವಾಗ ಅದರ ಬಾಯಿಗೆ ಯಾರದೇ ಉಸಿರು ತಾಗಿದರೂ ಲೆಕ್ಕ ಕೆಟ್ಟಿತು, ಅಷ್ಟು ದೂರ ಹೋಗಿ ತಂದ ನೀರು ಚೆಲ್ಲಬೇಕು. ಅದಕ್ಕೇ ಉಸಿರು ಕಟ್ಟಿ, ಮುಖ ಆ ಕಡೆ ಮಾಡಿ ಹಿಡಿಯಬೇಕು.

ಅವಳು ಕೇಳಿದಳು. "ನೀವು ಹತ್ತಿರ ಹೋದ್ರೂ ಇವರು ಹಾಗೇ ತಿರುಗ್ತಿದ್ರಾ?"

"ನಾವಾ? ನಮ್ಮ ಮುಖಕ್ಕೇ ಕೆಮ್ತಿದ್ದನಮ್ಮಾ, ಪುಣ್ಯಾತ್ಮ. ತಿರುಗ್ತಿದ್ದಿದ್ದು ಬಾಟಲಿಗೆ ಮಾತ್ರ."

ಬಾಟಲಿಗೆ, ಮತ್ತೆ ತನಗೆ. ಅವಳಿಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಹೊರಗೆ ವಾಹನ ಬಂದು ನಿಂತ ಸದ್ದಾಯಿತು. ಮೈದುನ ಮುಚ್ಚಳ ಎತ್ತಿಕೊಂಡ.

"ಸ್ವಲ್ಪ ತಾಳಪ್ಪ."

ಲವಂಗವನ್ನು ಅಂಗೈಗೆ ಉಗುಳಿ ಕಿಟಕಿಯ ಅಂಚಿನ ಮೇಲಿಟ್ಟಳು. ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಮೈ ಓರೆ ಮಾಡಿಕೊಂಡು ನುಸುಳಿ, ಅವನ ಮುಖವಿದ್ದ ಕಡೆಗೆ ಹೋದಳು. ಮೂಗಿಗೆ ಮೂಗು ತಾಗುವಷ್ಟು ಬಾಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಬಿಟ್ಟಳು.

ಅವನ ನರೆತ ಮೀಸೆ ಅಲುಗಿತು.