ಒಡ್ಡು ಹಿಡಿದ ಮಣ್ಣು

ಹಾರೆ ಮತ್ತೆ ಖಣ್ಣೆಂದಿತು. ಗುಣಿಯಲ್ಲಿದ್ದ ಆಳು ಹಣೆ ಒರೆಸಿಕೊಂಡು, "ಮೊಣಕಾಲುದ್ದಕ್ಕ ಹಾಸುಗಲ್ಲ ಹತ್ತೇತ್ರಿ. ಇನ್ನ ಇಳಿಯೂದಿಲ್ಲ" ಎಂದ.

ದೇವೇಂದ್ರಪ್ಪ ಮೇಸ್ತ್ರಿಯನ್ನು ಹೊಲದಂಚಿನ ಬೇವಿನ ನೆರಳಲ್ಲಿ ಕುಳ್ಳಿರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂ. ಅವರ ಜನರಲ್ಲಿ ಹೂಳುವುದೂ ಕುಳ್ಳಿರಿಸಿಯೇ. ಈ ಗುಣಿಯಲ್ಲಿ ಕೂತರೆ ಆರಡಿ ಆಳು ಮಣ್ಣಿನ ಮೇಲೆ ತಲೆ ಹಾಕಿಕೊಂಡು ಊರು ನೋಡುತ್ತಿರಬೇಕಾದೀತು. ಬದುಕಿದ್ದರೆ ಈ ಮಾತಿಗೆ ಮೊದಲು ನಗುತ್ತಿದ್ದವನು ಅವನೇ.

ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕಿತ್ತು. ಕುಷ್ಟಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮಗ ಶರಣಕುಮಾರ, ಕಲ್ಲು ಒಡೆಸಲು ಜೆಸಿಬಿ ತರಿಸಿದ್ದ. ಅದು ಕೆಳಗಿನ ದಾರಿಯಲ್ಲಿ ಗುರುಗುಡುತ್ತ ನಿಂತಿತ್ತು. ದಾರಿಗೂ ಹೊಲಕ್ಕೂ ನಡುವೆ ಆಳೆತ್ತರದ ಕಲ್ಲಿನ ಒಡ್ಡು.

"ಎರಡು ಮಾರು ಒಡ್ಡು ಕೆಡವ್ರಿ. ನಾಳಿ ಕಟ್ಟಿಸಿದ್ರಾತು" ಎಂದ ಶರಣಕುಮಾರ.

ಆ ನಾಳೆ ಬರುವುದಿಲ್ಲವೆಂದು ದಾನೇಶ್ವರಿಗೆ ಗೊತ್ತಿತ್ತು. ಜೆಸಿಬಿಯ ಮೇಲೆ ಕೂತಿದ್ದ ಯಂಕೇಶನ ಕಡೆ ನೋಡಿದಳು. ಅವನು ಮುಖ ತಿರುಗಿಸಿದ. ಈ ಒಡ್ಡು ಕಟ್ಟಿದ ಹನ್ನೆರಡು ಮಂದಿಯಲ್ಲಿ ಅವನೂ ಒಬ್ಬ, ಅವಳೂ ಒಬ್ಬಳು.

*

ಒಂಬತ್ತು ವರ್ಷದ ಹಿಂದೆ ಒಂದು ಸಂಸ್ಥೆ, ಯಲಬುರ್ಗಾ ಸುತ್ತಿನ ಹಳ್ಳಿಗಳಲ್ಲಿ ಪಿಯುಸಿ ಮುಗಿಸಿಯೋ ಫೇಲಾಗಿಯೋ ಮನೆ ಹಿಡಿದಿದ್ದ ಹುಡುಗ ಹುಡುಗಿಯರನ್ನು ಮಣ್ಣು ಉಳಿಸುವ ಕೆಲಸಕ್ಕೆ ಸೇರಿಸಿಕೊಂಡಿತ್ತು. ಕಲಿಸುವವನು ದೇವೇಂದ್ರಪ್ಪ. ಮೊದಲ ಒಡ್ಡಿಗೆ ತನ್ನ ಹೊಲವನ್ನೇ ಕೊಟ್ಟ.

"ಇಲ್ಲಿ ಬರೇ ಕಲ್ಲ ಅದಾವ್ರಿ. ಉಳಸಾಕ ಮಣ್ಣೆಲ್ಲೈತಿ?" ಎಂದಿದ್ದಳು ಹತ್ತೊಂಬತ್ತರ ದಾನೇಶ್ವರಿ.

"ಇದ್ದಿದ್ರ ನಿಮ್ಮನ್ನ ಯಾಕ ಕರೀತಿದ್ದೆ, ಎಂಜಿನಿಯರಮ್ಮ?"

ಮೊದಲ ದೊಡ್ಡ ಮಳೆಗೆ ಒಡ್ಡು ಒಡೆಯಿತು, ಅದೂ ಅವಳು ಕಟ್ಟಿದ ಕಡೆಯೇ. ಚೆಂದ ಕಾಣಲೆಂದು ಕಲ್ಲುಗಳ ಉದ್ದನೆಯ ಮೈಯನ್ನು ಹೊರಗೆ ಮಾಡಿ ಜೋಡಿಸಿದ್ದಳು. ಉದ್ದ ಒಳಗೆ ಹೋಗದ ಕಲ್ಲು ನೀರಿಗೆ ನಿಲ್ಲುವುದಿಲ್ಲ. ಯಂಕೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಬುತ್ತಿಯ ಚೀಲ ಹೆಗಲಿಗೇರಿಸಿ ಊರಿಗೆ ಹೊರಟಳು.

ದೇವೇಂದ್ರಪ್ಪ ಅಡ್ಡ ಬಂದು, "ಯಾಕ ಒಡೀತಂತ ಗೊತ್ತಾದಾಕಿ ನೀ ಒಬ್ಬಾಕಿ. ನಗೋರಿಗೆ ಇನ್ನೂ ಗೊತ್ತಾಗಿಲ್ಲ. ನಾಳಿಂದ ನೀನ ಮುಂದ ನಿಂತು ಕಟ್ಟಸು" ಎಂದ.

ಅಂದಿನಿಂದ ಅವಳು ಮುಂದೆ ನಿಂತೇ ಇದ್ದಾಳೆ. ಈಗ ಯಲಬುರ್ಗಾ ಕಡೆಯದೇ ಆದ ಮಂಗಳೂರೆಂಬ ಹಳ್ಳಿಯ ಸುತ್ತ ಉದ್ಯೋಗ ಖಾತ್ರಿಯ ಅರವತ್ತು ಮಂದಿಯನ್ನು ನಡೆಸುತ್ತಾಳೆ. ಮೇಸ್ತ್ರಿ ಮಾತ್ರ ಈ ಒಡ್ಡನ್ನು ಬಿಡಲಿಲ್ಲ. ವರ್ಷಕ್ಕೊಂದು ಸಾಲು ಕಲ್ಲು ಏರಿಸುತ್ತ ಬಂದ.

*

"ಒಡ್ಡು ಮುಟ್ಟಬ್ಯಾಡ್ರಿ. ಅದರ ಒಳಮಗ್ಗಲಕ್ಕ ತೋಡೂನು" ಎಂದಳು ದಾನೇಶ್ವರಿ.

"ಅಲ್ಲೂ ಇದ ಕಥಿ," ಎಂದ ಶರಣಕುಮಾರ. "ನಮ್ಮ ಹೊಲ ನನಗ ಗೊತ್ತಿಲ್ಲೇನು? ಗೇಣು ತೋಡಿದ್ರ ಕಲ್ಲ."

"ನೀವು ಈ ಹೊಲಕ್ಕ ಇಳಿದು ಎಷ್ಟ ವರ್ಷಾತಣ್ಣ?"

ಅವಳು ಸೀರೆಯ ಸೆರಗು ಸಿಕ್ಕಿಸಿ ಸಲಿಕೆ ಎತ್ತಿಕೊಂಡಳು. ಹಿರಿಯರೊಬ್ಬರು, "ಹೆಣ್ಮಕ್ಕಳು ಗುಣಿ ತೋಡಬಾರದವ್ವ" ಎಂದರು.

ಮೇಸ್ತ್ರಿಯ ಮಗ್ಗುಲಲ್ಲಿ ಕೂತಿದ್ದ ಅವನ ಹೆಂಡತಿ ಕಳಕಮ್ಮ ತಲೆಯೆತ್ತಿದಳು. "ತೋಡ್ಲಿ ಬಿಡ್ರಿ. ಅವರ ಕೊಟ್ಟ ಸಲಿಕಿ ಅದು. ಕಸಗೊಳ್ಳಾಕ ನಾವ್ಯಾರು?"

ದಾನೇಶ್ವರಿಗೂ ಧೈರ್ಯವಿರಲಿಲ್ಲ. ಒಳಗೆ ಬಂಡೆ ಎದ್ದಿದ್ದರೆ ಒಡ್ಡೂ ಹೋಯಿತು, ಮೇಸ್ತ್ರಿಯ ಮುಂದೆ ಅವಳ ಮಾನವೂ ಹೋಯಿತು. ಗೇಣು ಇಳಿಯಿತು. ಮೊಳ ಇಳಿಯಿತು. ಎಲ್ಲೆಲ್ಲಿಂದಲೋ ಹರಿದು ಬಂದು ಒಡ್ಡಿಗೆ ತಡೆದು ಕೂತ ಒಂಬತ್ತು ಮಳೆಗಾಲದ ಮಣ್ಣು, ಪದರದ ಮೇಲೆ ಪದರ. ಅವಳಿಗೆ ಅಳು ತಡೆಯಲಾಗಲಿಲ್ಲ, ಅಳುತ್ತಲೇ ತೋಡಿದಳು.

ಜೆಸಿಬಿಯ ಸದ್ದು ನಿಂತಿತು. ಯಂಕೇಶ ಒಡ್ಡು ಹತ್ತಿ ಬಂದು, ಚಪ್ಪಲಿ ಕಳಚಿ ಗುಣಿಗಿಳಿದ. "ನೀ ಸರಿ. ಇನ್ನ ನಾ ತೋಡ್ತೀನಿ" ಎಂದ. ಎದೆಮಟ್ಟ ಇಳಿದರೂ ಕಲ್ಲು ಸಿಗಲಿಲ್ಲ.

ಇನ್ನೂ ಬಿಸಿಲಿರುವಾಗಲೇ ಮೇಸ್ತ್ರಿಯನ್ನು ಇಳಿಸಿ ಕುಳ್ಳಿರಿಸಿದರು. ಶರಣಕುಮಾರ ದಂಡೆಯಲ್ಲಿ ಬೋರಲು ಮಲಗಿ ಒಳಗೆ ಕೈ ಚಾಚಿದ. ಬೆರಳ ತುದಿಯನ್ನು ಅಪ್ಪನ ನೆತ್ತಿಯ ಮೇಲಿಟ್ಟು, ಮೊಣಕೈಯನ್ನು ಗುಣಿಯ ಅಂಚಿಗೆ ಹಚ್ಚಿ ಅಳೆದ. ತಲೆಯ ಮೇಲೆ ಇನ್ನೂ ಒಂದು ಮೊಳ ಮಣ್ಣಿತ್ತು.